ಮೂರನೇ ಮಳೆಗಾಲಕ್ಕೆ ಚಾಪೆ ಎದ್ದು ಬಂತು

"ಹೋಯ್, ಎಂತ ಮರ್ರೆ, ಚಾಪಿ ನೇಯುಕೆ ಶುರು ಮಾಡಿದ್ರ್ಯಾ?"

ನಮ್ಮ ಪಕ್ಕದ ಗದ್ದೆಯವರು ಮೂರು ಮಳೆಗಾಲ ಇದನ್ನೇ ಕೇಳಿದರು. ಮೂರನೇ ವರ್ಷ ಜುಲೈಯಲ್ಲಿ ಯಂತ್ರದಲ್ಲಿ ಭತ್ತ ನಾಟಿ ಮಾಡಿದ ನನ್ನ ಮಜಲು (ನಡು ಎತ್ತರದ) ಗದ್ದೆ ನೋಡಿದ ಮೇಲೆ ಕೇಳುವುದು ನಿಲ್ಲಿಸಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉಡುಪಿ ಜಿಲ್ಲೆಯ ಸಾಸ್ತಾನದ ಹತ್ತಿರ ನಮ್ಮದು ಎರಡೂಕಾಲು ಎಕರೆ ಮಜಲು, ಅದರ ಕೆಳಗೆ ಸ್ವಲ್ಪ ಬೈಲು, ಅಂದರೆ ತಗ್ಗಿನ ಗದ್ದೆ. ಬೀಜ ಎಂ.ಒ. 4 ಎಂಬ ಭತ್ತದ ತಳಿ, ಅಪ್ಪಯ್ಯನ ಕಾಲದಿಂದ ಅದೇ. ನಾಟಿಗೆ ಜನ ಸಿಗುವುದಿಲ್ಲ ಎಂದು ನಾಟಿ ಯಂತ್ರಕ್ಕೆ ಹೋದದ್ದು. ನಾಲ್ಕು ಸಾಲಿನದು, ನಾವು ಹಿಂದೆ ನಡೆಯುತ್ತಾ ಓಡಿಸುವಂಥದ್ದು, ಬಾಡಿಗೆಗೆ ಬರುತ್ತದೆ. ನನ್ನನ್ನು ಸತಾಯಿಸಿದ್ದು ಯಂತ್ರ ಅಲ್ಲ. ಚಾಪೆ ನೇಜಿ ಮತ್ತು ಕೆಸರು. ನೇಜಿ ಅಂದರೆ ಭತ್ತದ ಸಸಿ, ಯಂತ್ರಕ್ಕೆ ಅದನ್ನು ತೆಳು ಮಣ್ಣಿನಲ್ಲಿ ಚಾಪೆಯ ಹಾಗೆ ಬೆಳೆಸಬೇಕು.

ಮೊದಲ ವರ್ಷ ಸುಮಾರು 7,500 ರೂಪಾಯಿ ಕೊಟ್ಟು 90 ಟ್ರೇ ತಂದೆ. ಉಳಿದದ್ದಕ್ಕೆ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮರದ ಚೌಕಟ್ಟು ಇಟ್ಟು ಮಣ್ಣು ತುಂಬಿದೆ. ಚೌಕಟ್ಟಿನ ಅಗಲ 28 ಸೆಂ.ಮೀ. ಇರಬೇಕು. ಬಡಗಿ ಒಂದು ಬೆರಳು ಜಾಸ್ತಿ ಮಾಡಿಟ್ಟಿದ್ದ, ಎಲ್ಲವನ್ನೂ ಕತ್ತಿಯಲ್ಲಿ ಸವರಬೇಕಾಯಿತು. ಅದಾದರೂ ಪರವಾಗಿಲ್ಲ. ಮಣ್ಣು ಮನೆ ಹಿಂದಿನ ಗುಡ್ಡೆಯದು, ಸರಿಯಾಗಿ ಜರಡಿ ಹಿಡಿದಿರಲಿಲ್ಲ. ಕಡಲೆಬೇಳೆಯಷ್ಟು ಸಣ್ಣ ಮುರಕಲ್ಲಿನ ಚೂರು ಸಾಕು, ಯಂತ್ರದ ನೇಜಿ ಕೀಳುವ ಉಗುರು ಬಗ್ಗಿಹೋಗುತ್ತದೆ. ಎರಡು ಬಗ್ಗಿದವು. ರಿಪೇರಿಗೆ 3,000 ಚಿಲ್ಲರೆ. ಗದ್ದೆಯಲ್ಲಿ ಮೂರರಲ್ಲೊಂದು ಪಾಲು ಖಾಲಿ. ಕೊನೆಗೆ ಹೆಂಗಸರನ್ನು ಕರೆದು ಖಾಲಿ ಜಾಗ ತುಂಬಿಸಿದೆ. ಯಂತ್ರಕ್ಕೂ ದುಡ್ಡು, ಕೈಗೂ ದುಡ್ಡು.

ಎರಡನೇ ವರ್ಷ ಮಣ್ಣನ್ನು ಹಿಟ್ಟಿನ ಹಾಗೆ ಜರಡಿ ಹಿಡಿದೆ. ಬಿತ್ತಿದ ಮೂರನೇ ರಾತ್ರಿ ಒಂದು ಮಳೆ ಬಂತು ನೋಡಿ, ನಲವತ್ತು ಟ್ರೇ ಮೇಲ್ಮಣ್ಣು ತೊಳೆದುಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ನವಿಲುಗಳು ಸಾಲಾಗಿ ನಿಂತು ಮೊಳಕೆ ಹೆಕ್ಕುತ್ತಿವೆ, ಮದುವೆ ಊಟಕ್ಕೆ ಕೂತ ಹಾಗೆ! ಉಳಿದ ನೇಜಿ ಚೆನ್ನಾಗಿಯೇ ಬಂತು. ಆದರೆ ಬಾಡಿಗೆ ಯಂತ್ರ ಹೇಳಿದ ದಿನಕ್ಕೆ ಬರಲಿಲ್ಲ. ಇವತ್ತು, ನಾಳೆ ಎಂದು ಹನ್ನೊಂದು ದಿನ. ನೇಜಿಗೆ 27 ದಿನ ಆಗಿ ಬೇರು ತೆಂಗಿನ ನಾರಿನ ಕಾಲೊರಸಿನ ಹಾಗೆ ಹೆಣೆದುಕೊಂಡಿತ್ತು. ಯಂತ್ರ ಅದನ್ನು ಕೀಳಲಿಲ್ಲ, ಹರಿಯಿತು.

ಅದೇ ವರ್ಷ ಇನ್ನೊಂದು ತಪ್ಪು. ಬೆಳಿಗ್ಗೆ ಉತ್ತು, ಮಧ್ಯಾಹ್ನವೇ ಯಂತ್ರ ಇಳಿಸಿದೆ. ಯಂತ್ರ ಮುಂದೆ ಹೋದ ಹಾಗೆ ಕೆಸರು ಅಲೆಯಂತೆ ಎದ್ದು ಪಕ್ಕದ ಸಾಲನ್ನು ಮಲಗಿಸಿಬಿಡುತ್ತಿತ್ತು. ಬೈಲಲ್ಲಿ ಯಂತ್ರವೇ ಹೂತುಹೋಯಿತು. ಆರು ಜನ ಹಗ್ಗ ಹಾಕಿ ಎಳೆದೆವು. ಆ ದಿನ ನೋಡಲು ಬಂದವರ ಲೆಕ್ಕ ಇಟ್ಟಿಲ್ಲ.

ಆಮೇಲೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದೆ. ಅಲ್ಲಿ ಒಬ್ಬರು ಇಂಜಿನಿಯರ್ ಸರ್, ಉತ್ತ ಮೇಲೆ ಕೆಸರು ಕೂರಬೇಕು, ಅದನ್ನು ಅಳೆಯಲು ಒಂದು ಮೀಟರ್ ಎತ್ತರದಿಂದ ಕಬ್ಬಿಣದ ಶಂಕು ಬಿಟ್ಟು ಎಷ್ಟು ಇಳಿಯಿತು ನೋಡುತ್ತೇವೆ ಎಂದರು. ನನ್ನ ಹತ್ತಿರ ಶಂಕು ಎಲ್ಲಿಂದ ಬರಬೇಕು? ಬೆರಳಲ್ಲಿ ಗೀರಿದರೂ ತಿಳಿಯುತ್ತದೆ ಎಂದೂ ಅವರೇ ಹೇಳಿದರು. ಬೆರಳಿಗಿಂತ ಹಿಡಿಸೂಡಿ (ಪೊರಕೆ) ಕಡ್ಡಿ ವಾಸಿ. ನಾಲ್ಕೈದು ಕಡ್ಡಿ ಸೇರಿಸಿ ಕೆಸರಲ್ಲಿ ಎರಡು ಇಂಚು ಆಳಕ್ಕೆ ಗೀರಿ. ಗೀರು ತಕ್ಷಣ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ಚಾಕುವಿನಲ್ಲಿ ಕುಯ್ದ ಹಾಗೆ ನಿಂತೇ ಇದ್ದರೆ ತಡವಾಯಿತು. ನಿಧಾನಕ್ಕೆ, ಅತ್ತಿತ್ತ ನೋಡಿ ಕೂಡಿಕೊಂಡರೆ ಯಂತ್ರ ಇಳಿಸಿ. ನಮ್ಮ ಮರಳು ಜಾಸ್ತಿ ಇರುವ ಗದ್ದೆಗೆ ಒಂದು ದಿನ ಸಾಕು, ಜೇಡಿಗೆ ಎರಡು. ಮುಂದಿನ ಸಲ ಹೋಗಿ ಕಡ್ಡಿಯ ವಿಷಯ ಹೇಳಿದಾಗ ಸರ್ ಪುಸ್ತಕ ತೆಗೆದು ಬರೆದುಕೊಂಡರು. ಸುಮ್ನೆ ಹೇಳುತ್ತಿಲ್ಲ.

ಮೂರನೇ ವರ್ಷ ಬೀಜವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆದೆ. ಉಪ್ಪು ಸಾಕಾಯಿತಾ ಎಂದು ನೋಡಲು ಮೊಟ್ಟೆ ತೇಲಿಸುತ್ತಾರಲ್ವಾ, ನಮ್ಮಮ್ಮ ಅದಕ್ಕೆ ಒಪ್ಪಲಿಲ್ಲ. ಬಟಾಟೆ ತೇಲಿಸಿದೆ, ಕೆಲಸ ಆಯಿತು. ಟ್ರೇಗೆ ಸುಮಾರು 120 ಗ್ರಾಂ ಒಣಬೀಜದ ಲೆಕ್ಕ, ಎಕರೆಗೆ 80 ಟ್ರೇ ಆಸುಪಾಸು. ಮಣ್ಣಿಗೆ ಸೆಗಣಿ ಗೊಬ್ಬರದ ಜೊತೆ ಅಕ್ಕಿ ಮಿಲ್ಲಿನ ಉಮಿಕರಿ (ಸುಟ್ಟ ಭತ್ತದ ಹೊಟ್ಟು) ಸೇರಿಸಿದೆ. ಚಾಪೆ ಹಗುರ ಆಗುತ್ತದೆ, ಗದ್ದೆಯ ಅಂಚಿನ ಮೇಲೆ ಹೊತ್ತುಕೊಂಡು ನಡೆಯುವವನಿಗೆ ಅದರ ಬೆಲೆ ಗೊತ್ತು. ಅಳತೆ ಮಾತ್ರ ಕೇಳಬೇಡಿ, ಮೂರು ವರ್ಷದ ಸೋಲಿನ ಸಂಪಾದನೆ ಅದು. ಹತ್ತು ಟ್ರೇಗೆ ಸುಡುಮಣ್ಣನ್ನೂ ಹಾಕಿ ನೋಡಿದೆ. ನೇಜಿ ಕಡು ಹಸಿರು, ಎತ್ತಿದರೆ ಚಾಪೆ ಪುಡಿ ಪುಡಿ. ಬಿಟ್ಟೆ.

ಮೊಳಕೆ ಮೇಲೆ ಬರುವ ತನಕ ತೆಂಗಿನ ಮಡಲು ಮುಚ್ಚಿದೆ, ಅದರ ಮೇಲೆ ಹಸಿರು ಬಲೆ. ಮಳೆಗೂ ಆಯಿತು, ನವಿಲಿಗೂ ಆಯಿತು. ಬೀಜವನ್ನು ಎಂಟು ದಿನದ ಅಂತರದಲ್ಲಿ ಎರಡು ಸಲ ಬಿತ್ತಿದೆ. ಯಂತ್ರ ಹೇಳಿದ ದಿನ ಬಂದರೆ ಮೊದಲಿನದು, ತಡವಾದರೆ ಎರಡನೆಯದು. ಉಳಿದದ್ದು ಬೈಲಿನ ಕೈನಾಟಿಗೆ. ಈ ಸಲವೂ ತಡವೇ, ಆದರೆ ನಾನು ಗಾಬರಿಯಾಗಲಿಲ್ಲ. 16 ದಿನದ ನೇಜಿ, ಹಿಂದಿನ ದಿನವೇ ನೀರು ನಿಲ್ಲಿಸಿದ್ದೆ. ಒಂದು ಮೂಲೆ ಹಿಡಿದು ಎತ್ತಿದರೆ ಇಡೀ ಚಾಪೆ ಎದ್ದು ಬಂತು. ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡೆ.

ಸಾಲಿಗೆ ಸಾಲಿಗೆ 30 ಸೆಂ.ಮೀ. ಅಂತರ ನೋಡಿ "ಈ ಅಗಲದಲ್ಲಿ ದನ ಮಲಗ್ಬಹ್ದು" ಎಂದವರೂ ಇದ್ದಾರೆ. ದನ ಮಲಗಲಿಲ್ಲ, ಕಳೆ ತೆಗೆಯುವ ಕೋನೋ ವೀಡರ್ ಓಡಿತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕೈನಾಟಿಗೆ ನೇಜಿ ಕೀಳುವುದು, ಚಾ ತಿಂಡಿ ಎಲ್ಲ ಸೇರಿ ಎಕರೆಗೆ 8,000 ಬೀಳುತ್ತಿತ್ತು. ಈಗ ಬಾಡಿಗೆ 4,000, ಚಾಪೆಗೆ 2,000. ಭತ್ತ ಎಕರೆಗೆ 17 ಕ್ವಿಂಟಲ್ ಇದ್ದದ್ದು 20ರ ಹತ್ತಿರ ಬಂತು. ಮೊದಲೆರಡು ವರ್ಷ ಕಳೆದದ್ದು 20,000ಕ್ಕೆ ಕಡಿಮೆ ಇಲ್ಲ, ಅದರ ಸರಿಯಾದ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ.

ಪಕ್ಕದ ಗದ್ದೆಯವರು ಮೊನ್ನೆ ಬಂದು 40 ಟ್ರೇ ಕೇಳಿದ್ದಾರೆ. ಕೊಡುತ್ತೇನೆ. ಬೈಲಿಗೆ ಯಂತ್ರ ಇಳಿಸಿ ಎಂದೂ ಹೇಳಿದರು. ಹಗ್ಗ ಅವರೇ ತರುತ್ತಾರಂತೆ.