ಬಾರ್ಬೆರಿ ಮೇಲಿನ ತುಕ್ಕು ದಾಖಲೆಗಳು ಸಿಕ್ಕಿದ್ದು ಹೀಗೆ

ಗೋಧಿಯ ಕಾಂಡಕ್ಕೆ ತುಕ್ಕು ರೋಗ ತರುವ ಪಕ್ಸಿನಿಯಾ ಗ್ರಾಮಿನಿಸ್ ಶಿಲೀಂಧ್ರದ ಹರ್ಬೇರಿಯಂ (ಒಣಗಿಸಿದ ಮಾದರಿಗಳ ಸಂಗ್ರಹ) ದಾಖಲೆಗಳನ್ನು ಒಟ್ಟು ಮಾಡುತ್ತಿದ್ದೆ. ಗೋಧಿ, ಹುಲ್ಲುಗಳ ಮೇಲಿನ ಮಾದರಿಗಳು ಬೇಕಾದಷ್ಟು ಸಿಕ್ಕವು. ಬಾರ್ಬೆರಿ ಪೊದೆಯವು ಮಾತ್ರ ತೀರಾ ಕಡಿಮೆ. ಈ ಶಿಲೀಂಧ್ರ ಎರಡೂ ಕಡೆ ಬದುಕುತ್ತದೆ ಅಲ್ವಾ, ಮತ್ತೆ ಯಾಕೆ ಹೀಗೆ?

ಉತ್ತರ ಮಾದರಿಗಳಿಗೆ ಅಂಟಿಸಿದ ಹಳೇ ಚೀಟಿಗಳಲ್ಲಿತ್ತು. ಬಾರ್ಬೆರಿ ಎಲೆಯ ಮೇಲೆ ಬೆಳೆಯುವ ಈ ಶಿಲೀಂಧ್ರದ ಹಂತವನ್ನು ಹಿಂದೆ ಬೇರೆಯೇ ಜೀವಿ ಅಂದುಕೊಂಡು ಈಸಿಡಿಯಂ ಬರ್ಬೆರಿಡಿಸ್ ಎಂದು ಕರೆಯುತ್ತಿದ್ದರು. ಎರಡೂ ಒಂದೇ ಎಂದು ಜರ್ಮನ್ ಸಸ್ಯವಿಜ್ಞಾನಿ ಡಿ ಬ್ಯಾರಿ 1865ರಲ್ಲಿ ತೋರಿಸಿದರು. ಚೀಟಿಯ ಹೆಸರು ಹಾಗೇ ಉಳಿದಿತ್ತು. ಅದೇ ಹೆಸರಿನಲ್ಲಿ ಹುಡುಕಿದೆ, ರಾಶಿ ಬಂತು. ಬಾರ್ಬೆರಿಗೆ ಬೇರೆ ತುಕ್ಕುಗಳೂ ಬರುತ್ತವೆ, ಹಾಗಾಗಿ ಎಲ್ಲವನ್ನೂ ಸುಮ್ನೆ ಸೇರಿಸಲಿಲ್ಲ. ಅನುಮಾನ ಇದ್ದವನ್ನು ಪಕ್ಕಕ್ಕಿಟ್ಟೆ. ಒಂದೇ ಮಾದರಿಯ ತುಂಡುಗಳು ಹಲವು ಹರ್ಬೇರಿಯಂಗಳಲ್ಲಿ ಇರುತ್ತವೆ. ಸಂಗ್ರಹಿಸಿದವರ ಹೆಸರು, ಸಂಖ್ಯೆ, ತಾರೀಖು ಹೋಲಿಸಿ ಅವನ್ನು ಒಂದು ಮಾಡಿದೆ. ಹಳೇ ಹೆಸರನ್ನು ಅಳಿಸದೆ ಇನ್ನೊಂದು ಕಾಲಂನಲ್ಲಿ ಇಟ್ಟಿದ್ದೇನೆ.