ಅಕ್ಕಿ, ಗೋಧಿ ಸೋಕದ ಕೋಳಿ ಖೀಮಾ ಉಂಡೆ: ನನ್ನ ಅನುಭವ

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂರುವವರ ಪೈಕಿ ಅತ್ತೆಯವರು ಸಕ್ಕರೆ ಕಾಯಿಲೆಯ ಕಾರಣದಿಂದ ರಾತ್ರಿಯ ಅನ್ನವನ್ನು ಬಿಟ್ಟಿದ್ದಾರೆ; ನಾದಿನಿಗೆ ಗೋಧಿಯ ಗ್ಲುಟೆನ್ ಆಗಿಬರುವುದಿಲ್ಲವೆಂದು ವೈದ್ಯರು ಅದನ್ನು ಪೂರ್ತಿಯಾಗಿ ನಿಲ್ಲಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರೆ ಒಲೆಗೇರಿಸುವ ಬದಲು ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವಂತಾಗಬೇಕೆಂಬ ಆಸೆಯಿಂದ ನಾನು ಈ ಖೀಮಾ ಉಂಡೆಯನ್ನು ರೂಢಿಸಿಕೊಂಡೆ. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಆರಂಭಿಸಿದರೂ ಮುಕ್ಕಾಲು ಗಂಟೆಯೊಳಗೆ ಇದು ಬಡಿಸಲು ಸಿದ್ಧವಾಗುತ್ತದೆ.

ಉಂಡೆ ಒಡೆಯದಿರಲು ಬ್ರೆಡ್ಡಿನ ಪುಡಿಯೋ ಅಕ್ಕಿಹಿಟ್ಟೋ ಬೇಕೇಬೇಕು ಎಂಬ ನಂಬಿಕೆ ಅನೇಕರಲ್ಲಿದೆ. ಉಂಡೆಯನ್ನು ಮುಖ್ಯವಾಗಿ ಹಿಡಿದಿಡುವುದು ಮಾಂಸವೇ. ಖೀಮಾಕ್ಕೆ ಉಪ್ಪು ಹಾಕಿ ನಾದಿದಾಗ ಮಾಂಸದಲ್ಲಿರುವ ಮಯೋಸಿನ್ ಎಂಬ ಪ್ರೋಟೀನು ಬಿಟ್ಟುಕೊಂಡು ಅಂಟಾಗುತ್ತದೆ, ಬಿಸಿ ತಾಗಿದೊಡನೆ ಗಟ್ಟಿಯಾಗಿ ಉಂಡೆಗೆ ಆಕಾರ ಕೊಡುತ್ತದೆ. ಬ್ರೆಡ್ಡಿನ ದೊಡ್ಡ ಉಪಯೋಗವೆಂದರೆ ಬೇಯುವಾಗ ಮಾಂಸ ಬಿಡುವ ರಸವನ್ನು ಹೀರಿಕೊಂಡು ಉಂಡೆಯನ್ನು ಮೃದುವಾಗಿರಿಸುವುದು. ಆ ಕೆಲಸವನ್ನು ಹುರಿಗಡಲೆ ಚೆನ್ನಾಗಿಯೇ ಮಾಡುತ್ತದೆ. ಮೈಸೂರು ಕಡೆಯ ಕೈಮ ಉಂಡೆ ಸಾರಿನಲ್ಲಿ ಹುರಿಗಡಲೆಯನ್ನು ಬಳಸುವುದು ಹಿಂದಿನಿಂದಲೂ ಇರುವ ಪದ್ಧತಿ. ಕಡಲೆ ಬೇಳೆಕಾಳಿನ ಜಾತಿಗೆ ಸೇರಿದ್ದಾದ್ದರಿಂದ ಧಾನ್ಯ ಬೇಡವೆನ್ನುವವರಿಗೂ ಅಡ್ಡಿಯಿಲ್ಲ. ನಮ್ಮ ಕರಾವಳಿಯ ರುಚಿಗಾಗಿ ಅದರ ಜೊತೆಗೆ ನಾನು ತೆಂಗಿನ ತುರಿಯನ್ನೂ ಸೇರಿಸುತ್ತೇನೆ.

ಮಂಗಳೂರಿನ ಕೋಳಿ ಅಂಗಡಿಗಳ ಫಲಕದಲ್ಲಿ ‘ವಿತ್ ಸ್ಕಿನ್’, ‘ವಿದೌಟ್ ಸ್ಕಿನ್’ ಎಂದು ಎರಡು ದರಗಳನ್ನು ಬರೆದಿರುತ್ತಾರೆ. ಈ ಉಂಡೆಗೆ ನಾನು ಕೇಳುವುದು ತೊಡೆಯ ಮಾಂಸವನ್ನು, ಅದೂ ಸ್ವಲ್ಪ ಚರ್ಮ ಸಹಿತ. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಬೆಂದ ಮೇಲೆ ಉಂಡೆ ಒಣಕಲಾಗುತ್ತದೆ. ಎಲುಬು ತೆಗೆಸಿ, ಕಣ್ಣೆದುರಿಗೇ ಖೀಮಾ ಮಾಡಿಸಿಕೊಳ್ಳುವುದು ಒಳ್ಳೆಯದು. ಮನೆಗೆ ತಂದ ಖೀಮಾವನ್ನು ತೊಳೆಯಬಾರದು. ತೊಳೆದರೆ ನೀರು ಹೀರಿಕೊಂಡು ಉಂಡೆ ಕಟ್ಟಲು ಬರುವುದಿಲ್ಲ. ತೊಳೆಯಲೇಬೇಕೆನ್ನುವವರು ಇಡೀ ತುಂಡನ್ನು ತೊಳೆದು, ಒರೆಸಿ, ಮನೆಯಲ್ಲಿಯೇ ಮಿಕ್ಸಿಯಲ್ಲಿ ತಿರುಗಿಸಿಕೊಳ್ಳಬಹುದು.

ಅರ್ಧ ಕಿಲೋ ಖೀಮಾಕ್ಕೆ ಮಟ್ಟಸವಾಗಿ ಒಂದು ಚಹಾ ಚಮಚ ಉಪ್ಪು ಹಾಕಿ, ಬೇರೇನನ್ನೂ ಸೇರಿಸದೆ, ಎರಡು ನಿಮಿಷ ಒಂದೇ ದಿಕ್ಕಿನಲ್ಲಿ ನಾದುತ್ತೇನೆ. ಮೊದಮೊದಲು ಕಾಳುಕಾಳಾಗಿ ಬಿಡಿಯಾಗಿದ್ದ ಮಾಂಸ ಕ್ರಮೇಣ ಪಾತ್ರೆಯ ಬದಿಗೆ ಮೆತ್ತಿಕೊಳ್ಳತೊಡಗುತ್ತದೆ. ಚಿಟಿಕೆಯಷ್ಟು ತೆಗೆದು ಅಂಗೈಗೆ ಒತ್ತಿ ಕೈಯನ್ನು ಬೋರಲು ಮಾಡಿದರೂ ಬೀಳದೆ ಅಂಟಿಕೊಂಡಿದ್ದರೆ ಅಷ್ಟು ಸಾಕು. ಅದಕ್ಕೂ ಮೀರಿ ನಾದಿದರೆ ಉಂಡೆ ರಬ್ಬರಿನಂತಾಗುತ್ತದೆ. ಅನಂತರ ಒಂದು ಮೊಟ್ಟೆ, ಮೂರು ದೊಡ್ಡ ಚಮಚ ಹುರಿಗಡಲೆ ಪುಡಿ, ಎರಡು ದೊಡ್ಡ ಚಮಚ ನುಣ್ಣನೆಯ ತೆಂಗಿನ ತುರಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹಸಿಮೆಣಸು, ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು. ಸಣ್ಣಗೆ ಹೆಚ್ಚಿದ ಒಂದು ನೀರುಳ್ಳಿಯನ್ನು ಹಿಂಡಿ, ಎಲ್ಲಕ್ಕಿಂತ ಕೊನೆಗೆ ಸೇರಿಸಬೇಕು, ಏಕೆಂದರೆ ಅದು ಉಪ್ಪಿನ ಜೊತೆ ಹೆಚ್ಚು ಹೊತ್ತು ಇದ್ದಷ್ಟೂ ನೀರು ಬಿಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಖೀಮಾದ ಕೊಬ್ಬು ಬೇಗನೆ ಕರಗುವುದರಿಂದ ಕಲಸಿದ್ದನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಡುವುದು ನನ್ನ ಕಡ್ಡಾಯ ನಿಯಮ.

ಆ ಕಾಲು ಗಂಟೆಯಲ್ಲಿ ಉಂಡೆ ಬೇಯಿಸುವ ಗಸಿ (ತೆಂಗಿನ ಹಾಲಿನ ಸಾರು) ತಯಾರಾಗುತ್ತದೆ. ಅಗಲವಾದ ಪಾತ್ರೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಕರಿಬೇವು, ಎರಡು ನೀರುಳ್ಳಿ, ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಬಾಡಿಸಿ, ಉರಿ ತಗ್ಗಿಸಿ ಎರಡು ದೊಡ್ಡ ಚಮಚ ಕುಂದಾಪುರ ಮಸಾಲೆ ಪುಡಿ ಹಾಕುತ್ತೇನೆ. ಬ್ಯಾಡಗಿ ಮೆಣಸಿನ ಆ ಪುಡಿ ಸೀದರೆ ಕಹಿಯಾಗುವುದರಿಂದ ಪರಿಮಳ ಬಂದ ಕೂಡಲೇ ಎರಡು ಲೋಟ ತೆಳ್ಳನೆಯ ತೆಂಗಿನ ಹಾಲು, ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ, ಉಪ್ಪು ಸೇರಿಸಿ ಕುದಿಸುತ್ತೇನೆ. ದಿನವೂ ಗಸಿ ಮಾಡುವವರಿಗೆ ಇದರಲ್ಲಿ ಹೊಸತೇನಿಲ್ಲ.

ಕೈಗೆ ತೆಂಗಿನೆಣ್ಣೆ ಸವರಿಕೊಂಡು ಉಂಡೆ ಕಟ್ಟಿದರೆ ಸಣ್ಣ ನಿಂಬೆಹಣ್ಣಿನ ಗಾತ್ರದ ಇಪ್ಪತ್ತರಷ್ಟು ಆಗುತ್ತವೆ. ಗಸಿಯ ಕುದಿತ ಸಣ್ಣಗಿರುವಾಗ ಒಂದೊಂದಾಗಿ, ಒಂದರ ಮೇಲೊಂದು ಬೀಳದಂತೆ ಇಳಿಬಿಡಬೇಕು. ಆಮೇಲಿನ ಐದು ನಿಮಿಷ ಸೌಟು ಹಾಕಲೇಬಾರದು. ಹೊರಮೈ ಬಿಳಿಚಿಕೊಂಡು ಗಟ್ಟಿಯಾದ ನಂತರ ಪಾತ್ರೆಯನ್ನು ಬಟ್ಟೆಯಿಂದ ಎರಡೂ ಬದಿಗೆ ಹಿಡಿದು ಮೆಲ್ಲಗೆ ತಿರುಗಿಸಿ, ಮುಚ್ಚಳ ಮುಚ್ಚಿ ಇನ್ನೂ ಎಂಟು ಹತ್ತು ನಿಮಿಷ ಬೇಯಿಸುತ್ತೇನೆ. ದೊಡ್ಡದೊಂದನ್ನು ಮುರಿದು ನೋಡಿದಾಗ ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಅಡುಗೆಯ ಥರ್ಮಾಮೀಟರ್ ಇದ್ದವರು ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ಎಂದು ನೋಡಿಕೊಳ್ಳಬೇಕು. ಕೊನೆಯಲ್ಲಿ ಒಂದು ಲೋಟ ದಪ್ಪ ತೆಂಗಿನ ಹಾಲು ಹಾಕಿ, ಅಂಚಿನಲ್ಲಿ ಗುಳ್ಳೆ ಏಳುವಷ್ಟರಲ್ಲಿ ಒಲೆ ಆರಿಸಿಬಿಡಬೇಕು, ಇಲ್ಲವಾದರೆ ಹಾಲು ಒಡೆಯುತ್ತದೆ.

ಅತ್ತೆಯವರು ಇದನ್ನು ಅಲಸಂಡೆ ಪಲ್ಯದೊಂದಿಗೆ ಉಣ್ಣುತ್ತಾರೆ, ನಾದಿನಿ ಕುಚ್ಚಲಕ್ಕಿ ಅನ್ನಕ್ಕೆ ಕಲಸಿಕೊಳ್ಳುತ್ತಾಳೆ, ಮಕ್ಕಳಿಗೆ ನೀರುದೋಸೆ ಬೇಕು.

ಗ್ಲುಟೆನ್ ಆಗದವರಿಗಾಗಿ ಮಾಡುವವರು ಇನ್ನೆರಡು ವಿಷಯಗಳನ್ನು ದಯವಿಟ್ಟು ಗಮನಿಸಬೇಕು. ಹುರಿಗಡಲೆಯನ್ನು ಮನೆಯ ಮಿಕ್ಸಿಯಲ್ಲಿಯೇ ಪುಡಿ ಮಾಡಿಕೊಳ್ಳಿ, ಗೋಧಿ ಬೀಸುವ ಗಿರಣಿಗೆ ಒಯ್ಯಬೇಡಿ. ಅಂಗಡಿಯ ಮಸಾಲೆ ಪುಡಿಯಾದರೆ ಪೊಟ್ಟಣದ ಹಿಂಬದಿಯನ್ನು ಓದಿ, ಅದರಲ್ಲಿಯೂ ಇಂಗು ಇದೆಯೇ ಎಂದು ನೋಡಿ. ಮಾರುಕಟ್ಟೆಯ ಎಷ್ಟೋ ಇಂಗಿಗೆ ಗೋಧಿಹಿಟ್ಟನ್ನು ಬೆರೆಸಿರುತ್ತಾರೆ. ಕೋಳಿಯ ಬದಲು ಕುರಿ ಮಾಂಸ ಬಳಸುವುದಾದರೆ ಎರಡು ಸಲ ಖೀಮಾ ಮಾಡಿಸಿ, ಮುಚ್ಚಿ ಬೇಯಿಸುವ ಹೊತ್ತನ್ನು ಇಪ್ಪತ್ತೈದು ನಿಮಿಷಕ್ಕೆ ಹೆಚ್ಚಿಸಬೇಕು.