ಚುಕ್ಕಿ ಕಂಡಲ್ಲೆಲ್ಲ ಕತ್ತರಿಸಬೇಡಿ

ಕಲಬುರಗಿ ಗಂಜ್‌ನ ಒಂದು ಅಡತಿ ಅಂಗಡಿಗೆ ತೊಗರಿ ಸುಗ್ಗಿಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಾರ ಮಾಲು ಎಷ್ಟು ಚೀಲ ಬಂತು, ತೂಕ ಎಷ್ಟು, ಹಮಾಲಿ ಎಷ್ಟು ಕಳೆಯಬೇಕು ಅನ್ನೋದನ್ನ ಜೇಸನ್ ಫೈಲಿನಿಂದ (ಪ್ರತಿ ಮಾಹಿತಿಗೂ ಹೆಸರಿಟ್ಟು ಒಂದರೊಳಗೊಂದು ಬರೆದಿಡುವ ಪದ್ಧತಿ) ಎತ್ತಿ ಪಟ್ಟಿ ಮಾಡುವ ಕೆಲಸ. ಮೊದಲ ದಿನವೇ ಸಾವ್ಕಾರರ ಫೋನು ಬಂತು: "ಎಲ್ಲಾ ಬಂದದ, ತೂಕ ಒಂದೇ ಖಾಲಿ ಬರ್ಲಿಕತ್ತದಲ್ರೀ!"

ತಪ್ಪು ನನ್ನದೇ. ತೂಕದೊಳಗಿನ ಫೀಲ್ಡಿಗೆ, ಅಂದರೆ ಮಾಹಿತಿಯ ಖಾನೆಗೆ, ಗುಮಾಸ್ತರು ಇಟ್ಟಿದ್ದ ಹೆಸರು 'ಕೆ.ಜಿ.'. ಹೊರಗಿನ ಹೆಸರಿನಿಂದ ಒಳಗಿನದಕ್ಕೆ ಹೋಗಲು, ನಡುವೆ ಚುಕ್ಕಿ ಇಟ್ಟು ನಾನು ಬರೆದ ದಾರಿ ಹೀಗಿತ್ತು:

ತೊಗರಿ.ತೂಕ.ಕೆ.ಜಿ.

ಬೇಕಾಗಿದ್ದದ್ದು ಮೂರು ಹೆಸರು. ಚುಕ್ಕಿ ಇದ್ದಲ್ಲೆಲ್ಲ ಕತ್ತರಿಸಿದ್ದಕ್ಕೆ ಸಿಕ್ಕಿದ್ದು ಐದು ತುಂಡು: ತೊಗರಿ, ತೂಕ, ಕೆ, ಜಿ, ಕೊನೆಗೊಂದು ಖಾಲಿ. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಈ ತಂಟೆ ಕಡಿಮೆ. ರೂ., ಕೆ.ಜಿ., ಕ್ವಿಂ. ಅಂತ ಬರೆಯುವ ನಮಗೆ ಜಾಸ್ತಿ. ಫೀಲ್ಡಿನ ಹೆಸರನ್ನೇ ಬದಲಿಸಿದರಾಯ್ತು ಅನ್ನಬಹುದು. ಆದರೆ ಹಳೇ ಫೈಲುಗಳೆಲ್ಲ ಅದೇ ಹೆಸರಿನಲ್ಲಿವೆ. ಅವರ ಲೆಕ್ಕ, ಅವರ ಹೆಸರು. ಬದಲಾಗಬೇಕಾದದ್ದು ನನ್ನ ಕೋಡು.

ಮೊದಲು ನಿಯಮವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬರೀ ಚುಕ್ಕಿ ಬಂದರೆ ಹೆಸರು ಮುಗಿಯಿತು. ಚುಕ್ಕಿಯ ಹಿಂದೆ ಬ್ಯಾಕ್‌ಸ್ಲ್ಯಾಶ್ (\) ಇದ್ದರೆ ಆ ಚುಕ್ಕಿ ಹೆಸರಿನದೇ ಭಾಗ. ಹೆಸರಿನಲ್ಲೇ ಬ್ಯಾಕ್‌ಸ್ಲ್ಯಾಶ್ ಬೇಕಿದ್ದರೆ ಎರಡು ಬರೆಯಬೇಕು. ಬ್ಯಾಕ್‌ಸ್ಲ್ಯಾಶ್ ಆದಮೇಲೆ ಬೇರೆ ಯಾವ ಅಕ್ಷರ ಬಂದರೂ ತಪ್ಪು ಅಂತ ಹೇಳಿ ನಿಲ್ಲಿಸಿ. ಕೆಲವರು ಇಲ್ಲಿ ಸುಮ್ನೆ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ಇವತ್ತು ಬಿಟ್ಟರೆ ನಾಳೆ ಹೊಸ ನಿಯಮ ಸೇರಿಸಲು ಜಾಗ ಇರುವುದಿಲ್ಲ. ಈಗ ದಾರಿ ಹೀಗಾಯಿತು:

ತೊಗರಿ.ತೂಕ.ಕೆ\.ಜಿ\.

ಮುಂದಿನದು ಕತ್ತರಿಸುವ ಕೆಲಸ. ಇಲ್ಲಿ ಎಲ್ಲರಿಗೂ ಒಂದು ಅಡ್ಡದಾರಿ ಹೊಳೆಯುತ್ತದೆ: "ಹಿಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲದ ಚುಕ್ಕಿಯಲ್ಲಿ ಮಾತ್ರ ಕತ್ತರಿಸು" ಅಂತ ಒಂದು ಸಾಲಿನ ರೆಜೆಕ್ಸ್, ಅಂದರೆ ಅಕ್ಷರಗಳ ಮಾದರಿ ಹುಡುಕುವ ಸೂತ್ರ. ನಾನೂ ಬರೆದಿದ್ದೆ. ಎರಡು ವಾರ ನಡೆಯಿತು. ಆಮೇಲೆ ಬ್ಯಾಕಪ್ ಪಟ್ಟಿಯಲ್ಲಿ 'ಡಿ:\' ಎಂಬ ಡ್ರೈವಿನ ಹೆಸರೇ ಫೀಲ್ಡಾಗಿ ಬಂತು. ಅದರೊಳಗಿನ ಬಿಲ್ ಹುಡುಕುವ ದಾರಿ:

ಡಿ:\\.ಬಿಲ್

ಚುಕ್ಕಿಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಇದೆ ನಿಜ. ಆದರೆ ಅದು ತನ್ನ ಹಿಂದಿನ ಬ್ಯಾಕ್‌ಸ್ಲ್ಯಾಶಿನ ಜೋಡಿ, ಚುಕ್ಕಿಗೆ ಸಂಬಂಧವೇ ಇಲ್ಲ. ಅಲ್ಲಿ ಕತ್ತರಿಸಲೇಬೇಕು. ರೆಜೆಕ್ಸ್ ಕತ್ತರಿಸಲಿಲ್ಲ. ಒಂದೇ ಅಕ್ಷರ ಹಿಂದೆ ನೋಡಿ ತೀರ್ಮಾನಿಸುವವರ ಗತಿ ಇಷ್ಟೇ.

ಹಾಗಾಗಿ ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ನೋಡುತ್ತಾ ಹೋಗಿ. ಕೈಯಲ್ಲಿ ಮೂರೇ ವಸ್ತು ಇರಲಿ: ಈಗ ತುಂಬುತ್ತಿರುವ ಚೀಲ, ಹೊಲಿದಿಟ್ಟ ಚೀಲಗಳ ಸಾಲು, ಮತ್ತು 'ಎಸ್ಕೇಪ್' ಎಂಬ ಒಂದು ಗುರುತು. ಗುರುತು ಮೊದಲಿಗೆ ಆಫ್.

ತೂಕ.ಕೆ\.ಜಿ\. ಅನ್ನೇ ನಡೆಸಿ ನೋಡೋಣ. 'ತೂಕ' ಚೀಲಕ್ಕೆ ಬಿತ್ತು. ಚುಕ್ಕಿ ಬಂತು, ಗುರುತು ಆಫ್ ಇದೆ. ಚೀಲ ಹೊಲಿದು ಸಾಲಿಗೆ ಹಾಕಿ, ಹೊಸದು ತೆಗೆದುಕೊಳ್ಳಿ. 'ಕೆ' ಬಿತ್ತು. ಬ್ಯಾಕ್‌ಸ್ಲ್ಯಾಶ್ ಬಂತು. ಅದನ್ನು ಚೀಲಕ್ಕೆ ಹಾಕಬೇಡಿ, ಗುರುತು ಆನ್ ಮಾಡಿ ಅಷ್ಟೆ. ಈಗ ಚುಕ್ಕಿ. ಗುರುತು ಆನ್ ಇದೆ, ಅಂದಮೇಲೆ ಚುಕ್ಕಿಯೂ ಚೀಲಕ್ಕೆ, ಗುರುತು ಮತ್ತೆ ಆಫ್. 'ಜಿ' ಬಿತ್ತು, ಅದೇ ಆಟ ಇನ್ನೊಮ್ಮೆ. ದಾರಿ ಮುಗಿಯಿತು. ಚೀಲದಲ್ಲಿ 'ಕೆ.ಜಿ.' ಹಾಗೇ ಉಳಿದಿದೆ!

ಕೊನೆಯ ಚೀಲವನ್ನು ಸಾಲಿಗೆ ಹಾಕುವುದನ್ನು ಮರೆಯುವವರು ಬಹಳ. ಅದಕ್ಕೂ ಮುಂಚೆ ಗುರುತು ನೋಡಿ. ಇನ್ನೂ ಆನ್ ಇದ್ದರೆ ದಾರಿ ಬ್ಯಾಕ್‌ಸ್ಲ್ಯಾಶಿನಲ್ಲೇ ನಿಂತಿದೆ ಅಂತ ಅರ್ಥ. ತಪ್ಪು ತೋರಿಸಿ.

ಕನ್ನಡದ ಹೆಸರುಗಳನ್ನು ಹೀಗೆ ಬಿಡಿಸಿದರೆ ಅಕ್ಷರ ಒಡೆಯುತ್ತದಾ ಅಂತ ಗೆಳೆಯರೊಬ್ಬರು ಕೇಳಿದರು. ಇಲ್ಲ. ಅಕ್ಷರಗಳನ್ನು ಬೈಟುಗಳಾಗಿ, ಅಂದರೆ ಕಂಪ್ಯೂಟರಿನ ಸಂಖ್ಯೆಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು, ಮೂರೂ 128 ಅಥವಾ ಮೇಲೆ. ಚುಕ್ಕಿ 46, ಬ್ಯಾಕ್‌ಸ್ಲ್ಯಾಶ್ 92. ಬೈಟು ಬೈಟಾಗಿ ನೋಡಿದರೂ ಗೊಂದಲವಿಲ್ಲ. ಜಪಾನಿನ ಹಳೇ ಶಿಫ್ಟ್-ಜೆಐಎಸ್ ಪದ್ಧತಿಯಲ್ಲಿ ಕೆಲವು ಅಕ್ಷರಗಳ ಎರಡನೇ ಬೈಟೇ 92. ಅಲ್ಲಿನವರು ಪಟ್ಟ ಪಾಡು ನಮಗಿಲ್ಲ.

ಕೋಡಿನೊಳಗೆ ದಾರಿ ಬರೆಯುವಾಗ ಇನ್ನೊಂದು ಎಡವಟ್ಟು. ಜಾವಾ, ಜಾವಾಸ್ಕ್ರಿಪ್ಟ್, ಜೇಸನ್ ಎಲ್ಲವೂ ಉದ್ಧರಣ ಚಿಹ್ನೆಯೊಳಗಿನ ಬ್ಯಾಕ್‌ಸ್ಲ್ಯಾಶನ್ನು ಮೊದಲು ತಾವೇ ನುಂಗುತ್ತವೆ. ಅಲ್ಲಿ "ಕೆ\\.ಜಿ\\." ಅಂತ ಬರೆದರೆ ನಿಮ್ಮ ಫಂಕ್ಷನ್ನಿಗೆ ಒಂದೊಂದೇ ತಲುಪುತ್ತದೆ. ಸಂಶಯ ಬಂದರೆ ಪ್ರಿಂಟ್ ಮಾಡಿ ನೋಡಿ.

ಬಿಡಿಸುವ ಫಂಕ್ಷನ್ ಬರೆದ ದಿನವೇ ಹೆಸರುಗಳನ್ನು ಮತ್ತೆ ದಾರಿಯಾಗಿ ಜೋಡಿಸುವುದನ್ನೂ ಬರೆಯಿರಿ. ರಿಪ್ಲೇಸ್ ಬಳಸಿ ಮಾಡುವುದಾದರೆ ಕ್ರಮ ಮುಖ್ಯ: ಮೊದಲು ಬ್ಯಾಕ್‌ಸ್ಲ್ಯಾಶ್ ಎರಡು ಮಾಡಿ, ಆಮೇಲೆ ಚುಕ್ಕಿಗೆ ಬ್ಯಾಕ್‌ಸ್ಲ್ಯಾಶ್ ಸೇರಿಸಿ. ತಿರುಗುಮುರುಗಾದರೆ 'ಕೆ.ಜಿ.' ಹೋಗಿ 'ಕೆ\\.ಜಿ\\.' ಆಗುತ್ತದೆ, ಮತ್ತೆ ತುಂಡು ತುಂಡು. 2013ರಲ್ಲಿ ಆರ್‌ಎಫ್‌ಸಿ 6901 ಎಂಬ ಇಂಟರ್ನೆಟ್ ಮಾನಕವಾಗಿ ಬಂದ, ಜೇಸನ್ ಫೈಲಿನೊಳಗೆ ದಾರಿ ಬರೆಯುವ ಪದ್ಧತಿಯಾದ ಜೇಸನ್ ಪಾಯಿಂಟರಿನಲ್ಲೂ ಇದೇ ಜಾಗ್ರತೆ ಇದೆ. ಅಲ್ಲಿ ಹೆಸರುಗಳ ನಡುವೆ / ಚಿಹ್ನೆ. ಹೆಸರಿನಲ್ಲೇ / ಬಂದರೆ ~1, ~ ಬಂದರೆ ~0. ಬಿಡಿಸುವಾಗ ~1 ಮೊದಲು, ~0 ಆಮೇಲೆ. ಇಲ್ಲದಿದ್ದರೆ ~01 ಎಂಬುದು ~1 ಆಗುವ ಬದಲು / ಆಗಿ ಕೂರುತ್ತದೆ.

ಇನ್ನು ಪರೀಕ್ಷೆ. ಹೆಸರುಗಳ ಪಟ್ಟಿ ಕೊಟ್ಟು ಜೋಡಿಸಿ, ಬಿಡಿಸಿ; ಅದೇ ಪಟ್ಟಿ ವಾಪಸ್ ಬರಬೇಕು. 'ಕೆ.ಜಿ.', 'ಡಿ:\', ಬರೀ ಒಂದು ಚುಕ್ಕಿ, ಬರೀ ಒಂದು ಬ್ಯಾಕ್‌ಸ್ಲ್ಯಾಶ್, ಎಲ್ಲ ಕೊಟ್ಟು ನೋಡಿ. ನನ್ನದು ಒಂದೇ ಕಡೆ ಸೋತಿತು. ಹೆಸರೇ ಇಲ್ಲದ ಪಟ್ಟಿ, ಒಂದೇ ಒಂದು ಖಾಲಿ ಹೆಸರಿರುವ ಪಟ್ಟಿ, ಎರಡನ್ನೂ ಜೋಡಿಸಿದರೆ ಬರುವುದು ಖಾಲಿ ದಾರಿಯೇ. ಯಾವುದು ಯಾವುದು ಅಂತ ಹೇಗೆ ತಿಳಿಯಬೇಕು? ಜೇಸನ್ ಪಾಯಿಂಟರಿನಲ್ಲಿ ಪ್ರತಿ ಹೆಸರಿನ ಮುಂದೆಯೂ / ಇರುವುದರಿಂದ ಈ ತೊಡಕಿಲ್ಲ. ನಾನು ಅಷ್ಟು ದೂರ ಹೋಗಲಿಲ್ಲ. ಹೆಸರೇ ಇಲ್ಲದ ಪಟ್ಟಿ ಕೊಟ್ಟರೆ ತಪ್ಪು ತೋರಿಸುವ ಒಂದು ಸಾಲು ಸೇರಿಸಿ, ಸಾವ್ಕಾರರಿಗೆ ಫೋನು ಮಾಡಿದೆ.